ಕಾಫಿ ತೋಟದ ನೆರಳಿನಲ್ಲಿ ಸುಗಂಧಿ ಬೆಳೆಸುವುದು

ಕೊಡಗಿನಲ್ಲಿ ಮನೆಯಂಗಳ ಮುಗಿದು ಕಾಫಿ ತೋಟ ಆರಂಭವಾಗುವ ಅಂಚಿನಲ್ಲಿ ಮರಗಳ ನೆರಳಿಗೆ ಗುಲಾಬಿ, ಸೇವಂತಿಗೆಗಳು ಸೊರಗುತ್ತವೆ. ಅಂತಹ ಜಾಗಕ್ಕೆ ಶುಂಠಿಯ ಕುಟುಂಬಕ್ಕೆ ಸೇರಿದ, ಚಿಟ್ಟೆಯಾಕಾರದ ಬಿಳಿ ಹೂ ಬಿಡುವ ಬಹುವಾರ್ಷಿಕ ಸುಗಂಧಿ ಗಿಡ ಚೆನ್ನಾಗಿ ಒಗ್ಗುತ್ತದೆ.

ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದು ಮಣ್ಣು ಮೆದುವಾದ ಮೇಲೆ, ಎರಡು ಮೂರು ಕಣ್ಣುಗಳಿರುವ ಗಡ್ಡೆಯ ತುಂಡುಗಳನ್ನು ಸುಮಾರು 5 ಸೆಂ.ಮೀ. ಆಳದಲ್ಲಿ, 60 ಸೆಂ.ಮೀ. ಅಂತರದಲ್ಲಿ ಅಡ್ಡವಾಗಿ ನೆಡಬೇಕು. ಇನ್ನೂ ಆಳಕ್ಕೆ ಹೂತರೆ ಜೂನ್, ಜುಲೈಯ ಜಡಿಮಳೆಗೆ ಗಡ್ಡೆ ಕೊಳೆಯುವ ಸಾಧ್ಯತೆ ಹೆಚ್ಚು. ತೇವ ಇದಕ್ಕೆ ಪ್ರಿಯವಾದರೂ ನೀರು ಕಟ್ಟಿ ನಿಲ್ಲುವ ಗುಂಡಿ ಬೇಡ. ಗೊಬ್ಬರಕ್ಕೆ ಕೊಟ್ಟಿಗೆ ಗೊಬ್ಬರವೂ ಮರದಡಿಯ ತರಗೆಲೆಯೂ ಸಾಕು.

ನೆರಳಿನ ಲೆಕ್ಕವೇ ಇಲ್ಲಿ ಮುಖ್ಯ. ಕಗ್ಗತ್ತಲಿನಂತಹ ನೆರಳಿನಲ್ಲಿ ಗಿಡ ಆಳೆತ್ತರ ಬೆಳೆದರೂ ಎಲೆಯನ್ನೇ ತೋರಿಸುತ್ತ ನಿಲ್ಲುತ್ತದೆ. ಆದ್ದರಿಂದ ಮುಂಗಾರಿಗೆ ಮುನ್ನ ತೋಟದಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡಿಸುವಾಗಲೇ ಇದರ ಮೇಲಿನ ಒಂದೆರಡು ಕೊಂಬೆಗಳನ್ನೂ ತೆಗೆಸಿ, ಬೆಳಗಿನ ಎಳೆಬಿಸಿಲು ಬೀಳುವಂತೆ ಮಾಡುವುದು ಒಳ್ಳೆಯದು. ಮಳೆಗಾಲದ ಕೊನೆಗೆ ಅರಳುವ ಹೂವಿನ ಪರಿಮಳ ಸಂಜೆ ಹೆಚ್ಚುವುದರಿಂದ, ನನ್ನ ಮಟ್ಟಿಗೆ ಜಗಲಿಯ ಬದಿಯೇ ಇದಕ್ಕೆ ತಕ್ಕ ಸ್ಥಳ.

ಹೂ ಮುಗಿದ ದಂಟು ಮತ್ತೆ ಹೂ ಬಿಡದು. ಅದನ್ನು ಬುಡದವರೆಗೆ ಕತ್ತರಿಸಬೇಕು. ಬೇಸಿಗೆಯಲ್ಲಿ ತರಗೆಲೆಯ ಹೊದಿಕೆ ಹಾಕಿ, ವಾರಕ್ಕೆರಡು ಬಾರಿ ನೀರು ಕೊಡಬೇಕು. ಮೂರು ನಾಲ್ಕು ವರ್ಷಕ್ಕೊಮ್ಮೆ ಹಿಂಡನ್ನು ಅಗೆದು ಬೇರ್ಪಡಿಸಬೇಕು. ಉಳಿದ ಗಡ್ಡೆಗಳನ್ನು ಮಾತ್ರ ತೋಡಿನ ಬದಿಗೆ ಎಸೆಯಬಾರದು, ಏಕೆಂದರೆ ನೀರಂಚಿನಲ್ಲಿ ಅದು ಹಬ್ಬಿ ಇತರ ಗಿಡಗಳನ್ನು ಒತ್ತರಿಸುತ್ತದೆ.