ಟೈಫಾಯ್ಡ್: ಕಲ್ಚರ್ ವರದಿಯನ್ನು ಓದುವುದು ಹೇಗೆ?

ಟೈಫಾಯ್ಡ್ ಎಂದೊಡನೆ ಇಂಥದೇ ಔಷಧ ಎಂದು ಬರೆದುಕೊಡುವ ಕಾಲ ಎಂದೋ ಮುಗಿದಿದೆ. 1948ರಲ್ಲಿ ಬಳಕೆಗೆ ಬಂದ ಕ್ಲೋರಾಂಫೆನಿಕಾಲ್‌ಗೆ ಮಣಿಯದ, ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿ ಬ್ಯಾಕ್ಟೀರಿಯಾ 1972ರಲ್ಲಿ ಮೆಕ್ಸಿಕೊ ಮತ್ತು ಕೇರಳಗಳಲ್ಲಿ ರೋಗ ಹರಡಿತು. 80ರ ದಶಕದ ಕೊನೆಯ ವೇಳೆಗೆ ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್‌ಗಳೂ ಅನೇಕ ಕಡೆ ಸೋತವು, ಆಮೇಲೆ ಸಿಪ್ರೊಫ್ಲಾಕ್ಸಾಸಿನ್‌ನ ಸರದಿ ಬಂತು. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದಿಗೂ ಜಗ್ಗದ ತಳಿ ಕಾಣಿಸಿಕೊಂಡಿತು. ಹೀಗಾಗಿ ರೋಗಿಯ ರಕ್ತದಲ್ಲಿರುವ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿಯೇ ತಿಳಿಯಬೇಕು. ಹೀಗೆ ಬೆಳೆಸಿ ನೋಡುವ ಪರೀಕ್ಷೆಯೇ ಕಲ್ಚರ್.

ಮೊದಲ ಹಂತ, ರಕ್ತ ಕೊಡುವುದು. ಆ್ಯಂಟಿಬಯಾಟಿಕ್‌ನ ಮೊದಲ ಗುಳಿಗೆ ನುಂಗುವ ಮುನ್ನವೇ ರಕ್ತ ತೆಗೆಸಬೇಕು. ಟೈಫಾಯ್ಡ್‌ನಲ್ಲಿ ರಕ್ತದಲ್ಲಿರುವ ಬ್ಯಾಕ್ಟೀರಿಯಾಗಳ ಸಂಖ್ಯೆ ತೀರಾ ಕಡಿಮೆ. ಮಿಲಿಲೀಟರಿಗೆ ಒಂದೂ ಸಿಗದಿರುವುದುಂಟು. ವಯಸ್ಕರಿಂದ 8–10 ಮಿ.ಲೀ. ತೆಗೆಯುವುದು ಅದಕ್ಕಾಗಿಯೇ. ಒಂದೆರಡು ಗುಳಿಗೆಗಳೂ ಕಲ್ಚರನ್ನು ಹುಸಿಯಾಗಿಸಬಲ್ಲವು. ರಕ್ತ ತೆಗೆದ ಮೇಲೆ ವರದಿಗಾಗಿ ಕಾಯದೆ ವೈದ್ಯರು ಚಿಕಿತ್ಸೆ ಆರಂಭಿಸಬಹುದು, ಅದರಿಂದ ಪರೀಕ್ಷೆಗೆ ಏನೂ ತೊಂದರೆಯಿಲ್ಲ. ವಿಡಾಲ್ ಪರೀಕ್ಷೆಯನ್ನು ಇದರ ಬದಲಿಗೆ ಮಾಡಿಸಿ ಪ್ರಯೋಜನವಿಲ್ಲ. ಅದು ಪ್ರತಿಕಾಯಗಳನ್ನಷ್ಟೇ ಅಳೆಯುತ್ತದೆ, ಔಷಧದ ವಿಷಯದಲ್ಲಿ ಏನನ್ನೂ ತಿಳಿಸದು.

ಎರಡನೆಯ ಹಂತ ಪ್ರಯೋಗಾಲಯದ್ದು. ಬಾಟಲಿಯಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಪದಾರ್ಥ) ತುಂಬಿದ ತಟ್ಟೆಯ ಮೇಲೆ ಸಮನಾಗಿ ಸವರಿ, ಒಂದೊಂದು ಔಷಧದಲ್ಲಿ ನೆನೆಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಅದರ ಮೇಲಿಟ್ಟು, 35 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ರಾತ್ರಿಯಿಡೀ ಬಿಡುತ್ತಾರೆ. ಬೆಳಗ್ಗೆ ತಟ್ಟೆಯ ತುಂಬ ಮಸುಕಾದ ಪದರ ಹಬ್ಬಿರುತ್ತದೆ. ಔಷಧ ಕೆಲಸ ಮಾಡಿದ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ವೃತ್ತ ಉಳಿದಿರುತ್ತದೆ. ಆ ವೃತ್ತದ ವ್ಯಾಸವನ್ನು ಅಳೆದು ‘ಎಸ್’ (ಬಗ್ಗುತ್ತದೆ), ‘ಐ’ (ನಡುವಣದು), ‘ಆರ್’ (ಬಗ್ಗದು) ಎಂದು ಬರೆಯುತ್ತಾರೆ.

ಮೂರನೆಯದಾದ ವರದಿ ಓದುವ ಹಂತದಲ್ಲಿ ಎಡವುವವರೇ ಹೆಚ್ಚು. ಒಂದು ಔಷಧದ ವೃತ್ತವನ್ನು ಇನ್ನೊಂದರ ವೃತ್ತದೊಂದಿಗೆ ಹೋಲಿಸಬಾರದು. ಅನೇಕ ಪ್ರಯೋಗಾಲಯಗಳು ಅನುಸರಿಸುವ ಅಮೆರಿಕದ ಸಿಎಲ್ಎಸ್ಐ (ಪ್ರಯೋಗಾಲಯಗಳಿಗೆ ಮಾನದಂಡ ರೂಪಿಸುವ ಸಂಸ್ಥೆ) ಮಾನದಂಡದಲ್ಲಿ ಅಜಿತ್ರೊಮೈಸಿನ್‌ಗೆ 13 ಮಿ.ಮೀ. ಇದ್ದರೂ ‘ಎಸ್’, ಸಿಪ್ರೊಫ್ಲಾಕ್ಸಾಸಿನ್‌ಗಾದರೋ 31 ಮಿ.ಮೀ. ಬೇಕು. ಈ ಬಿಗಿ ಮಿತಿ ಬಂದದ್ದು 2012ರಲ್ಲಿ. ಅದಕ್ಕೂ ಮೊದಲು ವರದಿಯಲ್ಲಿ ‘ಎಸ್’ ಎಂದಿದ್ದೂ ಸಿಪ್ರೊಫ್ಲಾಕ್ಸಾಸಿನ್‌ನಿಂದ ಜ್ವರ ಇಳಿಯದೆ ನರಳಿದ ರೋಗಿಗಳಿದ್ದರು. ಈ ಔಷಧದ ಮುಂದೆ ‘ಐ’ ಎಂದಿದ್ದರೆ ಅದನ್ನು ‘ಆರ್’ನಷ್ಟೇ ಗಂಭೀರವಾಗಿ ಪರಿಗಣಿಸುವುದು ಕ್ಷೇಮವೆಂದು ನನ್ನ ಭಾವನೆ. ಜೆಂಟಾಮೈಸಿನ್ ಎದುರು ‘ಎಸ್’ ಕಂಡರೂ ಅದು ಟೈಫಾಯ್ಡ್‌ಗೆ ಮದ್ದಾಗುವುದಿಲ್ಲ. ಈ ಬ್ಯಾಕ್ಟೀರಿಯಾ ಜೀವಕೋಶಗಳ ಒಳಗೆ ಅಡಗಿರುತ್ತದೆ, ಜೆಂಟಾಮೈಸಿನ್ ಅಲ್ಲಿಗೆ ಸರಿಯಾಗಿ ತಲುಪದು.

ವರದಿಯಂತೆ ಔಷಧ ಶುರುವಾದ ಮೇಲಿನ ಹಂತಕ್ಕೆ ಬೇಕಾದದ್ದು ತಾಳ್ಮೆ. ಸರಿಯಾದ ಔಷಧವೇ ಆದರೂ ಜ್ವರ ಇಳಿಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ದಿನ ಹಿಡಿಯುತ್ತದೆ. ಎರಡನೆಯ ದಿನವೇ ಗುಣ ಕಾಣಲಿಲ್ಲವೆಂದು ಬೇರೆ ವೈದ್ಯರಲ್ಲಿಗೆ ಓಡಿ ಇನ್ನೊಂದು ಆ್ಯಂಟಿಬಯಾಟಿಕ್ ಬರೆಸಿಕೊಳ್ಳುವುದರಿಂದ ಯಾವುದು ಕೆಲಸ ಮಾಡಿತೆಂದೇ ತಿಳಿಯದಂತಾಗುತ್ತದೆ. ಹೊಟ್ಟೆನೋವು ಹೆಚ್ಚಿದರೆ, ಮಲದಲ್ಲಿ ರಕ್ತ ಬಂದರೆ, ರೋಗಿ ಮಂಕಾದರೆ ಮಾತ್ರ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಜ್ವರ ಬಿಟ್ಟಿತೆಂದು ಔಷಧವನ್ನು ನಡುವೆ ನಿಲ್ಲಿಸದೆ, ವೈದ್ಯರು ಹೇಳಿದಷ್ಟು ದಿನವೂ ತೆಗೆದುಕೊಳ್ಳಬೇಕು.

ವರದಿಯನ್ನು ಜೋಪಾನವಾಗಿಡಿ. ಚಿಕಿತ್ಸೆ ಮುಗಿದು ಎರಡು ಮೂರು ವಾರಗಳಲ್ಲಿ ಜ್ವರ ಮರುಕಳಿಸುವುದುಂಟು. ಆಗ ಹಳೆಯ ಚೀಟಿ ಹಿಡಿದು ಅದೇ ಗುಳಿಗೆ ಕೊಳ್ಳುವ ಬದಲು, ವರದಿಯನ್ನು ವೈದ್ಯರಿಗೆ ತೋರಿಸಿ, ಗುಳಿಗೆಗೆ ಮುನ್ನ ಮತ್ತೊಮ್ಮೆ ಕಲ್ಚರ್‌ಗೆ ರಕ್ತ ಕೊಡಬೇಕು.