ಟ್ರೇ ಕೈಗೆ ಬಂತು, ಈಗ ಜೆಲ್ ಹಾಕೋದು ಹೇಗೆ?

ಕಲಬುರಗಿಯ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ಟ್ರೇ, ಅಂದರೆ ಹಲ್ಲು ಬೆಳ್ಳಗಾಗಿಸುವ ಜೆಲ್ ತುಂಬಿ ಹಲ್ಲಿನ ಮೇಲೆ ತೊಡುವ ಪ್ಲಾಸ್ಟಿಕ್ ಅಚ್ಚು, ಮಾಡಿಕೊಡುವುದು ನನ್ನ ಕೆಲಸ. ಮದುವೆ ಸೀಸನ್ ಬಂದರೆ ಎಲ್ಲರೂ ಕೇಳೋದು ಒಂದೇ: "ಅಕ್ಕಾ, ಹಲ್ಲು ಬೆಳ್ಳಗಾಗೋ ಕಿಟ್ ಕೊಡ್ರಿ."

ಕೊಡುತ್ತೇವೆ. ಆದರೆ ಹಲ್ಲು ಯಾಕೆ ಹಳದಿಯಾಗಿದೆ ಅಂತ ಡಾಕ್ಟರು ಮೊದಲು ನೋಡಲೇಬೇಕು. ಚಹಾ, ಗುಟ್ಕಾದ ಕಲೆ ಮೇಲೆ ಕೂತಿರುತ್ತದೆ, ಎಷ್ಟೋ ಸಲ ಕ್ಲೀನಿಂಗ್‌ನಲ್ಲೇ ಹೋಗುತ್ತದೆ. ನಮ್ಮ ಕಲಬುರಗಿ, ಯಾದಗಿರಿ ಕಡೆಯ ಎಷ್ಟೋ ಹಳ್ಳಿಗಳ ಕಥೆ ಬೇರೆ. ಅಲ್ಲಿ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಚಿಕ್ಕಂದಿನಲ್ಲಿ ವರ್ಷಗಟ್ಟಲೆ ಕುಡಿದರೆ, ದವಡೆಯೊಳಗೆ ಬೆಳೆಯುತ್ತಿರುವ ಹಲ್ಲಿನಲ್ಲೇ ಬಿಳಿ ಚುಕ್ಕೆ, ಕಂದು ಪಟ್ಟೆ ಮೂಡಬಹುದು. ಅದು ಕೊಳೆಯಲ್ಲ. ಇದ್ದಿಲು, ಉಪ್ಪು, ನಿಂಬೆರಸ ಹಾಕಿ ತಿಕ್ಕಿ ತಿಕ್ಕಿ ಹಲ್ಲು ಸವೆಸಿಕೊಂಡು ಬರುವ ಹುಡುಗಿಯರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ತಪ್ಪು ನೀರಿನದು, ಅವರದ್ದಲ್ಲ. ಜೆಲ್ ಹಚ್ಚಿದರೆ ಕಂದು ಪಟ್ಟೆ ಸ್ವಲ್ಪ ತಿಳಿಯಾಗಬಹುದು. ಬಿಳಿ ಚುಕ್ಕೆ ಮಾತ್ರ ಮೊದಮೊದಲು ಇನ್ನೂ ಎದ್ದು ಕಾಣುತ್ತದೆ. ಇದನ್ನು ಶುರು ಮಾಡುವ ಮುಂಚೆಯೇ ತಿಳಿದಿರಬೇಕು, ಅಲ್ವಾ?

ಹುಳುಕು, ಒಸಡಿನ ತೊಂದರೆ ಇದ್ದರೆ ಅದು ಮೊದಲು ವಾಸಿಯಾಗಲಿ. ಬಸುರಿಯರಿಗೆ, ಹಾಲುಣಿಸುವ ತಾಯಂದಿರಿಗೆ ಈ ಜೆಲ್ ಸದ್ಯಕ್ಕೆ ಬೇಡ.

ಟ್ರೇಗೆ ನಿಮ್ಮ ಹಲ್ಲಿನ ಅಚ್ಚು ತೆಗೆದು, ಪ್ಲಾಸ್ಟರ್‌ನ ಮಾದರಿ ಮಾಡಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಎಳೆಯುತ್ತೇವೆ. ಅಂಚನ್ನು ಒಸಡಿಗೆ ತಾಗದಂತೆ ಕತ್ತರಿಸುತ್ತೇವೆ. ಎಲ್ಲಾದರೂ ಚುಚ್ಚಿದರೆ ಸುಮ್ನೆ ತಡೆದುಕೊಳ್ಳಬೇಡಿ, ವಾಪಸ್ ತನ್ನಿ.

ಜೆಲ್‌ನಲ್ಲಿರುವುದು ಕಾರ್ಬಮೈಡ್ ಪೆರಾಕ್ಸೈಡ್. ಸಾಮಾನ್ಯವಾಗಿ 10% ಅಥವಾ 16%. ಶೇಕಡಾ 10ರದ್ದು ಬಾಯಲ್ಲಿ ಕರಗಿ ಸುಮಾರು 3.5% ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ. ಅದೇ ಹಲ್ಲಿನೊಳಗೆ ಇಳಿದು ಬಣ್ಣದ ಕಣಗಳನ್ನು ಒಡೆಯುತ್ತದೆ. ಜಾಸ್ತಿ ಶೇಕಡಾ ತಗೊಂಡರೆ ಬೇಗ ಬೆಳ್ಳಗಾಗುತ್ತದೆ ಎಂದು ಹಟ ಹಿಡಿಯಬೇಡಿ. ನನ್ನ ಪ್ರಕಾರ 10% ಸಾಕು. ನಿಧಾನ ನಿಜ, ಜುಮ್ಮೆನ್ನುವುದು ಕಡಿಮೆ.

ರಾತ್ರಿ ಊಟವಾದ ಮೇಲೆ ಹಲ್ಲುಜ್ಜಿ. ಟ್ರೇಯಲ್ಲಿ ಪ್ರತಿ ಹಲ್ಲಿನ ಮುಂಭಾಗ ಬರುವ ಜಾಗಕ್ಕೆ ಅಕ್ಕಿಕಾಳಷ್ಟು ಜೆಲ್ ಇಡಿ. ಹಾಕಿ ಮೆಲ್ಲಗೆ ಒತ್ತಿ. ಒಸಡಿನ ಮೇಲೆ ಉಕ್ಕಿ ಬಂದದ್ದನ್ನು ಹತ್ತಿಯಿಂದ ಒರೆಸಿಬಿಡಿ, ಇಲ್ಲದಿದ್ದರೆ ಒಸಡು ಬೆಳ್ಳಗಾಗಿ ಉರಿಯುತ್ತದೆ. ಶೇಕಡಾ 10ರದ್ದನ್ನು ರಾತ್ರಿಯಿಡೀ ಇಡಬಹುದು. ಅದಕ್ಕಿಂತ ಜಾಸ್ತಿ ಶೇಕಡಾದ್ದಕ್ಕೆ ಡಾಕ್ಟರು ಹೇಳಿದಷ್ಟೇ ಹೊತ್ತು. ಬೆಳಗ್ಗೆ ಟ್ರೇಯನ್ನು ತಣ್ಣೀರಲ್ಲೇ ತೊಳೆಯಿರಿ, ಬಿಸಿನೀರಿಗೆ ಸೊಟ್ಟಗಾಗುತ್ತದೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರೂ ಅಷ್ಟೇ. ಜೆಲ್ ಫ್ರಿಜ್‌ನಲ್ಲಿರಲಿ.

ಹಲ್ಲು ಜುಮ್ಮೆಂದರೆ ಒಂದೆರಡು ರಾತ್ರಿ ಬಿಡಿ. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟನ್ನು ಟ್ರೇಯಲ್ಲಿ ಸ್ವಲ್ಪ ಹೊತ್ತು ಹಾಕಿಕೊಂಡರೆ ಆರಾಮ ಸಿಗುತ್ತದೆ. ಆ ದಿನಗಳಲ್ಲಿ ಹುಳಿಯಾದ ಪುಂಡಿಪಲ್ಯ ಹಲ್ಲಿಗೆ ತ್ರಾಸು ಕೊಡುತ್ತದೆ. ಚಹಾ ಕುಡಿದ ಕೂಡಲೇ ಬಾಯಿ ಮುಕ್ಕಳಿಸಿ.

ಹೆಚ್ಚಿನವರಿಗೆ ಎರಡು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ. ಕ್ಯಾಪ್, ಫಿಲ್ಲಿಂಗ್‌ಗಳ ಬಣ್ಣ ಮಾತ್ರ ಬದಲಾಗುವುದಿಲ್ಲ. ಮುಂದಿನ ಹಲ್ಲಿನ ಹಳೆ ಫಿಲ್ಲಿಂಗ್ ಬದಲಿಸುವುದಿದ್ದರೆ ಜೆಲ್ ನಿಲ್ಲಿಸಿ ಎರಡು ವಾರ ಬಿಟ್ಟು ಬನ್ನಿ. ಅಷ್ಟರಲ್ಲಿ ಬಣ್ಣ ನಿಲ್ಲುತ್ತದೆ, ಹೊಸ ಫಿಲ್ಲಿಂಗ್ ಕೂಡ ಗಟ್ಟಿಯಾಗಿ ಅಂಟುತ್ತದೆ.