ಚಿಕನ್ ರೈಸ್ ಬೌಲ್‌ಗೆ ಚಿಲ್ಲಿ ಸಾಸ್ ಯಾವಾಗ ಹಾಕಬೇಕು?

ಸಾಸ್ ತಳ ಹಿಡಿದು ಕಹಿಯಾಗುತ್ತಿದೆಯಾ? ಹಾಗಾದರೆ ಅದನ್ನು ಬೇಗ ಹಾಕುತ್ತಿದ್ದೀರಿ. ಬಾಟಲಿಯ ಚಿಲ್ಲಿ ಸಾಸ್‌ಗಳಲ್ಲಿ ಸಾಮಾನ್ಯವಾಗಿ ಸಕ್ಕರೆ ಇರುತ್ತದೆ. ಜೋರು ಉರಿಯಲ್ಲಿ ಚಿಕನ್ ಬೇಯುವ ಮೊದಲೇ ಅದು ಸೀದುಹೋಗುತ್ತದೆ.

ಮೂಳೆ ಇಲ್ಲದ ತೊಡೆ ಭಾಗ ತಗೊಳ್ಳಿ, ಎದೆ ಭಾಗ ಬೇಗ ಒಣಗುತ್ತದೆ. ತುಂಡುಗಳ ನೀರಿನ ಪಸೆ ಒರೆಸಿ, ಉಪ್ಪು, ಕಾಳುಮೆಣಸಿನ ಪುಡಿ ಅಷ್ಟೇ ಹಚ್ಚಿ. ಕಾದ ಬಾಣಲೆಗೆ ಎಣ್ಣೆ ಬಿಟ್ಟು, ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಹರಡಿ. ಆಮೇಲೆ ಕೈ ಆಡಿಸಬೇಡಿ, ಸುಮ್ನೆ ಬಿಡಿ. ಮೊದಲು ತಳಕ್ಕೆ ಅಂಟಿಕೊಂಡ ತುಂಡು ಕೆಂಪಗಾದ ಮೇಲೆ ತಾನಾಗಿಯೇ ಬಿಡುತ್ತದೆ. ಆಗ ತಿರುವಿ ಹಾಕಿ. ಒಳಗೆ ಪೂರ್ತಿ ಬೇಯಬೇಕು. ಥರ್ಮಾಮೀಟರ್ ಇದ್ದರೆ 74 ಡಿಗ್ರಿ ಸೆಲ್ಸಿಯಸ್ ನೋಡಿಕೊಳ್ಳಿ.

ಈಗ ಉರಿ ಸಣ್ಣ ಮಾಡಿ. ಜಜ್ಜಿದ ಬೆಳ್ಳುಳ್ಳಿ ಹಾಕಿ, ಘಮ ಬಂದ ಮೇಲೆ ಸಾಸ್, ಒಂದೆರಡು ಚಮಚ ನೀರು. ಗುಳ್ಳೆಗಳು ದಪ್ಪಗಾಗಿ, ಸಾಸ್ ಹೊಳೆಯುತ್ತಾ ತುಂಡುಗಳಿಗೆ ಅಂಟಿಕೊಂಡರೆ ಒಲೆ ಆರಿಸಿ. ಕಿಟಕಿ ಮಾತ್ರ ತೆರೆದಿಡಿ, ಘಾಟು ಕೆಮ್ಮು ತರಿಸುತ್ತೆ!

ಸಾಸ್‌ನಲ್ಲೇ ಉಪ್ಪಿರುತ್ತದೆ ಅಲ್ವಾ, ಅನ್ನಕ್ಕೆ ಬೇರೆ ಬೇಡ. ಅನ್ನ ಉದುರುದುರಾಗಿದ್ದರೆ ಸಾಸ್ ಹದವಾಗಿ ಇಳಿಯುತ್ತದೆ. ಖಾರ ಜಾಸ್ತಿಯಾಯಿತೇ? ನೀರು ಸುರಿದು ಪ್ರಯೋಜನವಿಲ್ಲ. ಮೆಣಸಿನಕಾಯಿಯ ಖಾರ, ಅಂದರೆ ಕ್ಯಾಪ್ಸೈಸಿನ್, ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಒಂದು ಚಮಚ ಬೆಣ್ಣೆ ಸೇರಿಸಿ, ಇಲ್ಲವೇ ಬೌಲ್ ಮೇಲೆ ಗಟ್ಟಿ ಮೊಸರು ಹಾಕಿ. ಪಕ್ಕದಲ್ಲಿ ಹಸಿ ಸೌತೆಕಾಯಿ ಇದ್ದರೆ ಇನ್ನೂ ಚೆಂದ.